ಬಾಳಾಸಾಬನ ಒಂದೇ ಒಂದು ಬುಚ್ಚ

"ಇವತ್ತ ಒಂದ ಒಂದು ಬುಚ್ಚ! ಅದರ ಮ್ಯಾಲ ಒಂದ ಹನಿ ಆತಂದ್ರ ನಾ ನಮ್ಮಪ್ಪನ ಮಗಾ ಅಲ್ಲ!"

ಹಾರೂಗೇರಿಯ ಬಾಳಾಸಾಬ ಈ ಘನಘೋರ ಪ್ರತಿಜ್ಞೆ ಮಾಡಿದ್ದು ಬೆಳಿಗ್ಗೆ ಒಂಬತ್ತೂವರೆಗೆ, ದನದ ಕೊಟ್ಟಿಗೆಯಲ್ಲಿ, ತನ್ನ ಎಮ್ಮೆಯ ಸಮ್ಮುಖದಲ್ಲಿ. ಎಮ್ಮೆ ಮೇಯುವುದನ್ನು ನಿಲ್ಲಿಸಿ ಒಮ್ಮೆ ಅವನ ಮುಖ ನೋಡಿತು. ನಂಬಿಕೆ ಬರಲಿಲ್ಲವೇನೋ, ಮತ್ತೆ ಕಣಿಕೆಗೆ ಬಾಯಿ ಹಾಕಿತು.

ಬುಚ್ಚ ಅಂದರೆ ಬಾಟಲಿಯ ಮುಚ್ಚಳ. ಬಾಟಲಿ ಅಂದರೆ ರಮ್ಮಿನ ಬಾಟಲಿ. ಕೊಟ್ಟಿಗೆಯ ತೊಲೆಯ ಮೇಲೆ, ಹಳೆಯ ಹಗ್ಗಗಳ ಹಿಂದೆ, ಅದು ಆರು ತಿಂಗಳಿಂದ ಕೂತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಮಗಳು ಮಾಯವ್ವನನ್ನು ನೋಡಲು ಮುಗಳಖೋಡದಿಂದ ಗಂಡಿನ ಕಡೆಯವರು ಬರುವವರಿದ್ದರು. ಅಂಥ ಹೊತ್ತಿನಲ್ಲಿ ಈ ಮನುಷ್ಯನಿಗೆ ಕೊಟ್ಟಿಗೆಯಲ್ಲಿ ಏನು ಕೆಲಸ ಅಂತ ನೀವು ಕೇಳಬಹುದು. ಕೇಳಲೇಬೇಕು! ಆದರೆ ಪಾಪ, ಅವನ ಕಡೆಯ ಮಾತನ್ನೂ ಸ್ವಲ್ಪ ಕೇಳಿ.

ಈಗ ಅವನನ್ನು ನೋಡಿದರೆ ನೀವು ನಂಬುವುದಿಲ್ಲ. ಹೋದ ನಾಗರಪಂಚಮಿಯವರೆಗೆ ಬಾಳಾಸಾಬನ ತೂಕ ನೂರಾ ನಲವತ್ತೆರಡು ಕಿಲೋ! ದವಾಖಾನೆಯ ತೂಕದ ಯಂತ್ರ ನೂರಾ ಇಪ್ಪತ್ತಕ್ಕೇ ಕೈಮುಗಿದು ನಿಂತುಬಿಟ್ಟಿದ್ದರಿಂದ ಅವನನ್ನು ಬೆಲ್ಲದ ಅಡತಿ ಅಂಗಡಿಯ ಕಾಟಾದ ಮೇಲೆ ಕೂರಿಸಿ ತೂಗಬೇಕಾಯಿತು. ಅಲ್ಲಿದ್ದ ಹಮಾಲ, "ಯಾವ ಊರ ಮಾಲರಿ ಇದು?" ಎಂದು ಕೇಳಿದ್ದನಂತೆ. ಬಸ್ಸಿನಲ್ಲಿ ಎರಡು ಸೀಟು, ಮದುವೆಯ ಪಂಕ್ತಿಯಲ್ಲಿ ಮೂರು ಜನರ ಜಾಗ. ಅದೆಲ್ಲ ನಗುವ ಮಾತಾಯಿತು. ಆದರೆ ನಾಲ್ಕು ಹೆಜ್ಜೆ ನಡೆದರೆ ಉಸಿರು ಹಿಡಿಯತೊಡಗಿದಾಗ ಮನೆಯಲ್ಲಿ ನಗು ನಿಂತುಹೋಯಿತು.

ಪುಣೆಯಲ್ಲಿ ದೊಡ್ಡ ಡಾಕ್ಟರರೊಬ್ಬರ ಗಾಡಿ ಓಡಿಸುತ್ತಿದ್ದ ಹೆಂಡತಿಯ ತಮ್ಮ ಬಂದು, ಭಾವನನ್ನು ಕರೆದೊಯ್ದು ತೋರಿಸಿದ. ಡಾಕ್ಟರು ಅಮೇರಿಕಾದಲ್ಲಿ ಕಲಿತು ಬಂದವರು. ಎಲ್ಲ ನೋಡಿ, "ಹೀಗೇ ಬಿಟ್ಟರೆ ಇವರು ಮಗಳ ಮದುವೆ ನೋಡುವುದಿಲ್ಲ. ಹೊಟ್ಟೆ ಕೊಯ್ದು ಸಣ್ಣದು ಮಾಡಬೇಕು" ಎಂದುಬಿಟ್ಟರು. ಬಾಳಾಸಾಬನ ಹೆಂಡತಿ ಅಕ್ಕವ್ವ ಆ ದಿನ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಡಾಕ್ಟರರ ಮುಂದೆ ನಿಂತು, "ಕೊಯ್ರಿ" ಎಂದಳು.

ಕೊಯ್ದರು. ಗೋಣಿಚೀಲದಂಥ ಹೊಟ್ಟೆ ಬಟ್ಟಲಿನಷ್ಟಾಯಿತು. ಹಾರೂಗೇರಿಯಲ್ಲಿ ಮಾತ್ರ, "ಬಾಳಾಸಾಬನ ಹೊಟ್ಟಿ ಪುಣೇದಾಗ ಇಟ್ಕೊಂಡಾರಂತ!" ಎಂದು ಸುದ್ದಿ ಹಬ್ಬಿತು. ಮಾತಾಡಿಸಲು ಬಂದವರೆಲ್ಲ ಅವನ ಅಂಗಿ ಎತ್ತಿಸಿ ಹೊಲಿಗೆ ನೋಡಿ, ಅಯ್ಯೋ ಎಂದು, ಚಹಾ ಕುಡಿದು ಹೋದರು. ಚಹಾ ಕುಡಿಯುವ ಯೋಗ ಇಲ್ಲದವನು ಬಾಳಾಸಾಬ ಒಬ್ಬನೇ. ಆರು ತಿಂಗಳು ಚಹಾ ಇಲ್ಲ, ಕಾಫಿ ಇಲ್ಲ. ಆಮೇಲೆ ದಿನಕ್ಕೆ ಅರ್ಧ ಕಪ್ಪು, ಅಷ್ಟೇ. ಸಿಹಿ ಮುಟ್ಟಬಾರದು. ಬಾಯಿರುಚಿ ಬದಲಾದರೆ ಹೆದರಬಾರದು. ಹೀಗೆ ಡಾಕ್ಟರರ ಶಾಸನ ಒಂದು ಹಾಳೆಯ ತುಂಬ ಇತ್ತು. ಕೊನೆಗೆ ಬೆರಳೆತ್ತಿ ಹೇಳಿದ್ದರು, "ದಾರೂ ಮಾತ್ರ ಬೇಡವೇ ಬೇಡ. ಮೊದಲು ಒಂದು ಬಾಟಲಿ ಮಾಡುತ್ತಿದ್ದ ಕೆಲಸವನ್ನು ಇನ್ನು ಮೇಲೆ ಒಂದು ಬುಚ್ಚ ಮಾಡುತ್ತದೆ. ಲಕ್ಷಾತ್ ಠೇವಾ!"

ಡಾಕ್ಟರು ಹೆದರಿಸಲು ಹೇಳಿದ ಮಾತು. ಬಾಳಾಸಾಬನಿಗೆ ಅದು ಆಶೀರ್ವಾದದ ಹಾಗೆ ಕೇಳಿಸಿತು! ಇಡೀ ಹಾಳೆಯಲ್ಲಿ ಅವನು ಲಕ್ಷ್ಯದಲ್ಲಿ ಇಟ್ಟುಕೊಂಡದ್ದು ಅದೊಂದೇ ಮಾತನ್ನು.

ಅಕ್ಕವ್ವ ಏನು ಕಮ್ಮಿಯ ಹೆಣ್ಣಲ್ಲ. ಊರಿಗೆ ಬಂದ ದಿನವೇ ಗಂಡನನ್ನು ದೇವರ ಮುಂದೆ ಕೂರಿಸಿ, ಅವನ ಅಂಗೈಗೆ ಚಿಂಚಲಿ ಮಾಯಕ್ಕ ದೇವಿಯ ಭಂಡಾರ ಸುರಿದಳು. ಬರೀ ಅರಿಷಿಣದ ಪುಡಿ ಎಂದುಕೊಳ್ಳಬೇಡಿ. ಅದನ್ನು ಕೈಯಲ್ಲಿ ಹಿಡಿದು ಆ ಸೀಮೆಯಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ.

"ಮಗಳ ಲಗ್ನ ಗಟ್ಟಿ ಆಗೂತನಕ ದಾರೂ ಮುಟ್ಟೂದಿಲ್ಲ ಅನ್ರಿ."

"ಗಟ್ಟಿ ಆದಮ್ಯಾಲ?"

"ಆದಮ್ಯಾಲಿಂದು ಆದಮ್ಯಾಲ. ಮೊದ್ಲ ಅನ್ರಿ!"

ಅಂದ. ಅಂದದ್ದನ್ನು ಆರು ತಿಂಗಳು ನಡೆಸಿದ ಕೂಡ. ಪುಣೆಗೆ ಹೋಗುವ ಹಿಂದಿನ ದಿನ ಬಚ್ಚಿಟ್ಟಿದ್ದ ಆ ಬಾಟಲಿಯನ್ನು ದಿನಾ ಸಂಜೆ ಹೋಗಿ ನೋಡುತ್ತಿದ್ದ. ಮುಟ್ಟುತ್ತಿರಲಿಲ್ಲ. 'ಐತಲ್ಲ' ಎಂದು ಸಮಾಧಾನ ಮಾಡಿಕೊಂಡು ಬರುತ್ತಿದ್ದ. ಆಪರೇಶನ್ ಆದ ಮೇಲೆ ಬಾಳಾಸಾಬನಿಗೆ ಎಮ್ಮೆಯ ಮೇಲೆ ಬಹಳ ಜೀವ ಎಂದು ಓಣಿಯವರು ಮಾತಾಡಿಕೊಂಡರು. ಬಾಯಿಗೆ ಕೆಲಸ ಇಲ್ಲದ್ದರಿಂದ ಅವನು ಮೂಗಿಗೆ ಕೆಲಸ ಕೊಟ್ಟ. ನಿಪ್ಪಾಣಿಯ ತಪಕೀರು, ಅಂದರೆ ನಸ್ಯ, ತರಿಸಿ ದಿನಕ್ಕೆ ಇಪ್ಪತ್ತು ಸಲ ಏರಿಸಿ ಏರಿಸಿ, ಈಗ ಅವನ ಮೂಗಿಗೆ ಊದಿನಕಡ್ಡಿಯೂ ಒಂದೇ, ಸಗಣಿಯೂ ಒಂದೇ.

ಇನ್ನೊಂದು ಆಸೆಯೂ ಇತ್ತು. ಪುಣೆಯಲ್ಲಿ ಪಕ್ಕದ ಕಾಟಿನ ಮದ್ರಾಸಿ ರೋಗಿಗೆ ಅವನ ಹೆಂಡತಿ ಥರ್ಮಾಸಿನಲ್ಲಿ ಕಾಫಿ ತರುತ್ತಿದ್ದಳು. ಹುಟ್ಟಿದಾಗಿನಿಂದ ಚಹಾ ಕುಡಿದು ಕಾಫಿಯ ರುಚಿಯನ್ನೇ ಕಾಣದ ಬಾಳಾಸಾಬ ಆ ವಾಸನೆಗೇ ಮರುಳಾದ. ಬರುವಾಗ ಒಂದು ದೊಡ್ಡ ಡಬ್ಬಿ ಕಾಫಿಪುಡಿ ಕೊಂಡು ತಂದ, ನೀರಿಗೆ ಹಾಕಿದರೆ ಕರಗುವಂಥದ್ದು. ಆರು ತಿಂಗಳು ತುಂಬಿದ ದಿನ ಒಡೆಯುವುದೆಂದು ಅಕ್ಕವ್ವನ ಕೈಗೆ ಕೊಟ್ಟ. ಅವಳು ಅದನ್ನು ಅಡಿಗೆಮನೆಯ ಮೇಲಿನ ಹಲಗೆಯ ಮೇಲೆ ಇಟ್ಟಳು. "ಡಬ್ಬಿ ನನ್ನ ಹಾದಿ ಕಾಯಾಕತ್ತೇತಿ" ಎಂದು ಅವನು ಆಗಾಗ ತಲೆ ಎತ್ತಿ ನೋಡುತ್ತಿದ್ದ.

ಈಗ ಗಂಡಿನ ಕಡೆಯವರ ಮಾತಿಗೆ ಬರೋಣ. ಹುಡುಗ ಭೀಮಸಿ, ರಾಯಬಾಗದ ದನದ ದವಾಖಾನೆಯಲ್ಲಿ ಕಂಪೌಂಡರ್. ಹೋದ ತಿಂಗಳು ಇದೇ ಎಮ್ಮೆ ಈಯಲಾರದೆ ಒದ್ದಾಡುವಾಗ ಬಂದು ಕರು ತೆಗೆದವನು ಅವನೇ. ಬಿಸಿನೀರಿನ ಬಕೀಟು ಹಿಡಿದು ನಿಂತಿದ್ದ ಮಾಯವ್ವನಿಗೆ ಅಂದಿನಿಂದ ಬೇರೆ ಯಾವ ವರವೂ ಕಣ್ಣಿಗೆ ಹಿಡಿಸಲಿಲ್ಲ. ಎಲ್ಲ ಸರಿ. ಆದರೆ ಹುಡುಗನ ಅಪ್ಪ ಕಾಮಣ್ಣ ಮಾಳ ಹಾಕಿಕೊಂಡವನು! ಕೊರಳಲ್ಲಿ ತುಳಸಿಮಣಿ, ವರ್ಷಾ ಆಷಾಢಕ್ಕೆ ಕಾಲ್ನಡಿಗೆಯಲ್ಲಿ ಪಂಢರಪುರ. ಕುಡಿಯುವವರ ಮನೆಯ ನೀರನ್ನೂ ಮುಟ್ಟದ ಮನುಷ್ಯ.

"ಇಂಥಾ ಮನಿ ಹುಡಕಿದ್ರ ಸಿಗೂದಿಲ್ಲ. ಮಾಯವ್ವ ಮೂರ ದಿನದಿಂದ ಸರಿಯಾಗಿ ಉಂಡಿಲ್ಲ. ಇವತ್ತ ಒಂದ ದಿನಾ ಶಾಣ್ಯಾ ಆಗಿ ಕುಂದರ್ರಿ" ಎಂದು ಅಕ್ಕವ್ವ ಬೆಳಿಗ್ಗೆಯೇ ಗಂಡನಿಗೆ ಕೈ ಜೋಡಿಸಿದ್ದಳು.

ಅವಳು ಹಾಗೆ ಕೈ ಜೋಡಿಸಿದ್ದೇ ಬಾಳಾಸಾಬನಿಗೆ ಅಂಜಿಕೆ ಹತ್ತಿತು. ಆ ಮಾಳದ ಮನುಷ್ಯನ ಮುಂದೆ ಹೇಗೆ ಕೂರಲಿ? ಏನು ಮಾತಾಡಲಿ? ನನ್ನ ಹಳೆಯ ಪುರಾಣ ಎತ್ತಿದರೆ? ಧೈರ್ಯಕ್ಕೆ ಅವನಿಗೆ ಗೊತ್ತಿದ್ದ ಔಷಧ ಒಂದೇ. ಲಗ್ನ ಗಟ್ಟಿ ಆಗುವವರೆಗೆ ಎಂದಲ್ಲವೇ ಆಣೆ? ಹೆಚ್ಚೆಂದರೆ ಇನ್ನೆರಡು ತಾಸಿನ ಮಾತು! ಎರಡು ತಾಸು ಮುಂಚೆ ಕುಡಿದರೆ ಮಾಯಕ್ಕ ಗಡಿಯಾರ ನೋಡುತ್ತಾಳೆಯೇ? ಹೀಗೆ ವಕೀಲಿ ಮಾಡುತ್ತ ಮಾಡುತ್ತ ಕೊಟ್ಟಿಗೆಗೆ ಬಂದು, ಮೇಲೆ ಹೇಳಿದ ಪ್ರತಿಜ್ಞೆ ಮಾಡಿ, ಬುಚ್ಚ ತುಂಬಿ, ಕಣ್ಣು ಮುಚ್ಚಿ ಗಂಟಲಿಗೆ ಸುರಿದುಕೊಂಡ.

ಕಹಿ! ಆದರೆ ಉರಿಯಲಿಲ್ಲ. ಬಾಯಿರುಚಿ ಬದಲಾಗುತ್ತದೆಂದು ಡಾಕ್ಟರು ಹೇಳಿದ್ದು ಖರೆ ಎಂದುಕೊಂಡ. ಮೂಗು ಯಾವ ಸಾಕ್ಷಿಯನ್ನೂ ಹೇಳಲಿಲ್ಲ. ಮೊದಲನೆಯದು ಸರಿಯಾಗಿ ಇಳಿಯಿತೋ ಇಲ್ಲವೋ ನೋಡಲು ಇನ್ನೊಂದು ಹಾಕಿದ. ಆಮೇಲಿನ ಲೆಕ್ಕ ಅವನಿಗೂ ಎಮ್ಮೆಗೂ ಮಾತ್ರ ಗೊತ್ತು.

ಬಾಟಲಿ ಸ್ವಸ್ಥಾನಕ್ಕೆ ಹೋಯಿತು. ಇನ್ನು ವಾಸನೆ! ಹಳೆಯ ಹುಲಿಗೆ ಉಪಾಯ ಹೇಳಿಕೊಡಬೇಕೇ? ಈದ ಎಮ್ಮೆಗೆಂದು ಗೂಡಿನಲ್ಲಿ ಇಟ್ಟಿದ್ದ ಬೆಲ್ಲದಲ್ಲಿ ಮುಷ್ಟಿಯಷ್ಟು ದೊಡ್ಡ ತುಂಡು ಮುರಿದು ಬಾಯಿಗೆ ಹಾಕಿಕೊಂಡ. ಎಮ್ಮೆ ಸಿಟ್ಟಿನಿಂದ ಕೊಂಬು ಅಲ್ಲಾಡಿಸಿತು.

ಅಂಗಳ ದಾಟಿ ಪಡಸಾಲೆಗೆ ಬರುವಷ್ಟರಲ್ಲಿ ಬಾಳಾಸಾಬನ ಹಣೆಯಲ್ಲಿ ಬೆವರೊಡೆಯಿತು. ಎದೆಯಲ್ಲಿ ಡೊಳ್ಳು ಶುರುವಾಯಿತು. ಕೈ ನಡುಗಿತು. ಕಂಬ ಎರಡಾಗಿ ಕಾಣಿಸಿತು.

'ಆಹಾ! ಡಾಕ್ಟರ ಅಂದ್ರ ಡಾಕ್ಟರ!' ಎಂದು ಮೊದಲು ಹಿಗ್ಗಿದ. ಮರುಕ್ಷಣವೇ ಹೊಟ್ಟೆಯಲ್ಲಿ, ಇದ್ದಷ್ಟು ಹೊಟ್ಟೆಯಲ್ಲಿ, ಧಸಕ್ ಎಂದಿತು. ಹೊರಗಿನಿಂದ ದನಿ ಕೇಳಿಸಿತ್ತು.

"ರಾಮಕೃಷ್ಣ ಹರಿ!"

ಕಾಮಣ್ಣ ಬಂದೇಬಿಟ್ಟ! ಬಿಳಿ ಧೋತರ, ಬಿಳಿ ಟೊಪ್ಪಿಗೆ, ಹಣೆಗೆ ಕರಿಯ ಬುಕ್ಕದ ಬೊಟ್ಟು. ಹಿಂದೆ ಇಸ್ತ್ರಿ ಅಂಗಿಯ ಭೀಮಸಿ. ಕಾಲಿಗೆ ನೀರು ಕೊಟ್ಟು, ಕಂಬಳಿ ಹಾಸಿ ಕೂರಿಸಿದ್ದಾಯಿತು. ಬಾಳಾಸಾಬ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕಂಬಳಿಯ ಆ ತುದಿಯಲ್ಲಿ ಕೂತ. ಮಾತಾಡಲು ಅನುಕೂಲವಾಗಲೆಂದು ಕಾಮಣ್ಣ ಹತ್ತಿರ ಸರಿದ. ಬಾಳಾಸಾಬ ಹಿಂದೆ ಸರಿದ. ಕಾಮಣ್ಣ ಮತ್ತೆ ಸರಿದ. ಹೀಗೇ ಕಂಬಳಿ ಮುಗಿದು, ಬಾಳಾಸಾಬನ ಬೆನ್ನು ಗೋಡೆಗೆ ಹತ್ತಿತು.

"ಯಾಕ್ರಿ, ಬಾಯಿಗೆ ಕೈ ಇಟ್ಟೀರಿ?"

"ಹಲ್ಲ ನೂಸಾಕತ್ತೇತ್ರಿ!"

"ಬೆವತೀರಲ್ಲ?"

"ಸೆಕಿ ಭಾಳ ಐತ್ರಿ!"

"ಮಾಘ ಮಾಸದಾಗ? ಮತ್ತ ಕೈ ಯಾಕ ನಡಗಾಕತ್ತಾವು?"

"ಥಂಡಿರಿ!"

ಸೆಕೆಗೆ ಬೆವರುತ್ತ ಥಂಡಿಗೆ ನಡುಗುವ ಈ ಅಪೂರ್ವ ಪುರುಷನನ್ನು ಕಾಮಣ್ಣ ಕಣ್ಣು ಕಿರಿದು ಮಾಡಿ ನೋಡಿದ. ಅಡಿಗೆಮನೆಯ ಬಾಗಿಲಿನಿಂದ ಅಕ್ಕವ್ವನೂ ನೋಡಿದಳು.

ಅಷ್ಟರಲ್ಲಿ ಮಾಯವ್ವ ಅವಲಕ್ಕಿಯ ತಾಟು ಹಿಡಿದು ಬಂದದ್ದು ಪುಣ್ಯ. ಹೆಸರು ಕೇಳಿದರು, ಹೇಳಿದಳು. ಎಷ್ಟನೆಯ ಇಯತ್ತೆ ಎಂದರು, ಹೇಳಿದಳು. ಭೀಮಸಿ ಅವಳನ್ನು ನೋಡದಿರಲು ಬಹಳ ಕಷ್ಟಪಟ್ಟು ಅವಲಕ್ಕಿಯಲ್ಲಿನ ಶೇಂಗಾ ನೋಡುತ್ತ ಕೂತ. "ಎಮ್ಮಿ ಆರಾಮ ಐತೇನ್ರಿ?" ಎಂದು ತಲೆ ಎತ್ತದೆ ಕೇಳಿದ. "ಆರಾಮ ಐತ್ರಿ" ಎಂದು ಮಾಯವ್ವ ಬಾಗಿಲ ಮರೆಗೆ ಸರಿದಳು. ಅಷ್ಟು ಸಾಕಾಯಿತು.

"ಹುಡುಗಿ ಪಸಂದ ಐತಿ" ಎಂದ ಕಾಮಣ್ಣ. ಬಾಳಾಸಾಬನ ಡೊಳ್ಳು ಒಂದು ಬಡಿತ ತಪ್ಪಿತು. "ಖರೆ, ನಂದೊಂದ ಮಾತ ಐತಿ. ನಾ ಮಾಳದಾಂವ. ನಿಮ್ಮ ಬಗ್ಗೆ ಮಂದಿ ಹಿಂದಕ ಏನೇನೋ ಹೇಳ್ತಿದ್ರು. ಇರ್ಲಿ, ಹಿಂದಿಂದ ನನಗ ಬ್ಯಾಡ. ಆಪರೇಶನ್ ಆದಮ್ಯಾಲ ದಾರೂ ಮುಟ್ಟಿಲ್ಲ ಅಂತ ನಿಮ್ಮ ದೇವಿ ಭಂಡಾರ ಹಿಡದು ಒಂದ ಮಾತ ಅಂದುಬಿಡ್ರಿ. ಇಲ್ಲೇ ಸಕ್ಕರಿ ಹಂಚಿ ಎದ್ದು ಹೋಗೂನು."

ಅಕ್ಕವ್ವ ಒಂದು ಕ್ಷಣ ತಡ ಮಾಡಲಿಲ್ಲ. ಒಳಗೆ ಹೋಗಿ ಭಂಡಾರದ ಬಟ್ಟಲು ತಂದು ಗಂಡನ ಅಂಗೈ ತುಂಬ ಸುರಿದಳು. ಅವಳ ಮುಖದಲ್ಲಿ ಅಂಜಿಕೆಯ ಗುರುತೂ ಇರಲಿಲ್ಲ. ಇಷ್ಟು ನಂಬಿದ್ದಾಳಲ್ಲ ಇವಳು ಎಂದುಕೊಂಡ ಬಾಳಾಸಾಬ.

ಕೈ ಗಡಗಡ ನಡುಗಿತು. ಭಂಡಾರ ಬೆರಳ ಸಂದಿಯಿಂದ ಇಳಿದು ಕಾಮಣ್ಣನ ಬಿಳಿ ಧೋತರದ ಮೇಲೆಲ್ಲ ಹಳದಿಯಾಯಿತು. ಬಾಗಿಲ ಕೆಳಗೆ ಮಾಯವ್ವನ ಎರಡು ಪಾದ ಕಾಣುತ್ತಿದ್ದವು. ಒಂದು ಬೆರಳು ಇನ್ನೊಂದನ್ನು ತುಳಿದು ನಿಂತಿತ್ತು, ಸಣ್ಣವಳಿದ್ದಾಗ ಪೆಟ್ಟು ಬೀಳುವ ಮುಂಚೆ ನಿಲ್ಲುತ್ತಿದ್ದ ಹಾಗೆಯೇ. 'ಮುಟ್ಟಿಲ್ಲ' ಅಂದರೆ ಸಾಕು, ಮಗಳ ಬಾಳು ಬಂಗಾರ. ಮೂರೇ ಅಕ್ಷರ! ಬಾಳಾಸಾಬ ಬಾಯಿ ತೆರೆದ. ಮೂರು ಅಕ್ಷರ ಬರಲೇ ಇಲ್ಲ.

"ಕುಡದೇನ್ರಿ!" ಎಂದುಬಿಟ್ಟ. "ಈಗ ಒಂದ ತಾಸ ಹಿಂದ. ಕೊಟಗ್ಯಾಗ. ಒಂದ ಬುಚ್ಚ..." ಅಂಗೈಯಲ್ಲಿನ ಭಂಡಾರ ನೋಡಿದ. "ಒಂದ ಅಲ್ರಿ... ಆರ ಬುಚ್ಚ!" ಕಣ್ಣಲ್ಲಿ ನೀರು ಬಂತು. "ತಪ್ಪ ನಂದ್ರಿ, ಅಣ್ಣಾರ. ನನಗ ಬೇಕಾದ್ದ ಅನ್ರಿ. ನನ್ನ ಮಗಳ್ನ ಬ್ಯಾಡ ಅನಬ್ಯಾಡ್ರಿ. ಆಕಿ ಅವರವ್ವನಂಗ ಅದಾಳ, ನನ್ನಂಗ ಇಲ್ರಿ!"

ಒಳಗೆ ತಾಟು ಬಿದ್ದ ಸದ್ದಾಯಿತು.

"ವಿಠ್ಠಲ! ವಿಠ್ಠಲ!" ಕಾಮಣ್ಣ ಎದ್ದು ನಿಂತು ಧೋತರ ಝಾಡಿಸಿದ. "ಭೀಮಸಿ, ನಡಿ."

ಭೀಮಸಿ ಎದ್ದ. ಆದರೆ ಬಾಗಿಲ ಕಡೆಗೆ ಹೋಗಲಿಲ್ಲ. ನೆಟ್ಟಗೆ ಬಾಳಾಸಾಬನ ಹತ್ತಿರ ಬಂದು, ಮಣಿಕಟ್ಟು ಹಿಡಿದು ನಾಡಿ ನೋಡಿದ. ಎತ್ತಿಗೆ ನೋಡುವ ಹಾಗೆ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದ. ಗದ್ದ ಹಿಡಿದು ಬಾಯಿ ತೆರೆಸಿ ಮೂಸಿದ.

"ಅಪ್ಪಾ, ದವಾಖಾನಿಗೆ ಎತ್ತ ಹೊಡ್ಕೊಂಡ ಬರಾವ್ರೊಳಗ ಅರ್ಧಾ ಮಂದಿ ಕುಡದ ಬರ್ತಾರ. ಆ ವಾಸನಿ ನನಗ ಗೊತ್ತಿಲ್ಲೇನು? ಇವ್ರ ಬಾಯಾಗ ದಾರೂ ವಾಸನಿ ಇಲ್ಲ. ಬರೇ ಬೆಲ್ಲದ ವಾಸನಿ! ಮಾವಾರ, ಬೆಲ್ಲಾ ಎಷ್ಟ ತಿಂದೀರಿ?"

'ಮಾವಾರ' ಅಂದದ್ದನ್ನು ಬಾಗಿಲ ಮರೆಯಲ್ಲಿ ಒಬ್ಬಳು ಕೇಳಿಸಿಕೊಂಡಳು. ಬಾಳಾಸಾಬ ನಡುಗುವ ಮುಷ್ಟಿ ಎತ್ತಿ ತೋರಿಸಿದ.

"ಎಮ್ಮಿ ಬೆಲ್ಲಾ ತಿಂದೀರಿ?" ಅಕ್ಕವ್ವ ಹಣೆ ಬಡಿದುಕೊಂಡಳು. "ಸಿಹಿ ತಿಂದ್ರ ಬೆವರ ಬರ್ತೇತಿ, ಎದಿ ಹೊಡಕೋತೇತಿ, ಕಣ್ಣಿಗಿ ಕತ್ತಲಿ ಬರ್ತೇತಿ ಅಂತ ಡಾಕ್ಟರ ಬಡಕೊಂಡ ಬಡಕೊಂಡ ಹೇಳಿದ್ರಲ್ರಿ! ನೀವು ಬುಚ್ಚದ ಮಾತೊಂದ ನೆಪ್ಪ ಇಟ್ಟೀರಿ."

ಆರು ತಿಂಗಳ ಮೇಲೆ ಕಷ್ಟಪಟ್ಟು ಸಂಪಾದಿಸಿದ ನಶೆಯನ್ನು ಬೆಲ್ಲದ ಲೆಕ್ಕಕ್ಕೆ ಬರೆಯುವುದು ಬಾಳಾಸಾಬನಿಗೆ ಅವಮಾನವೆನಿಸಿತು.

"ಏ ತಮ್ಮಾ, ಖರೇನ ಕುಡದೇನಪಾ! ರಮ್ಮು! ಆರ ಬುಚ್ಚ!"

ಅಕ್ಕವ್ವ ಕೊಟ್ಟಿಗೆಗೆ ಹೋದಳು. ತಿರುಗಿ ಬರುವಾಗ ಅವಳ ಕೈಯಲ್ಲಿ ಆ ಬಾಟಲಿ! ತೊಲೆ, ಹಗ್ಗ, ಅದರ ಹಿಂದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಳಾಸಾಬ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅವಳು ಒಂದು ಬಟ್ಟಲಿಗೆ ಸುರಿದು ಭೀಮಸಿಯ ಮುಂದೆ ಹಿಡಿದಳು. ಕಾಮಣ್ಣ ಎರಡು ಹೆಜ್ಜೆ ಹಿಂದೆ ಹಾರಿ, "ಹರಿ ಹರಿ!" ಎಂದ. ಭೀಮಸಿ ಮೂಸಿದ. ಒಂದು ಗುಟುಕು ಕುಡಿದ. ಮುಖ ಕಿವುಚಿದ.

"ಅಪ್ಪಾ, ಕಾಫಿ. ಸಕ್ಕರಿ ಇಲ್ಲ, ಹಾಲ ಇಲ್ಲ."

ಕಾಮಣ್ಣ ಹಾರಿದ ಎರಡು ಹೆಜ್ಜೆಯನ್ನು ತಿರುಗಿ ಇಟ್ಟು ಬಟ್ಟಲೊಳಗೆ ಇಣುಕಿದ.

"ಪುಣೇದಿಂದ ಬಂದ ಮರುದಿನಾ ಸಗಣಿ ಬಳಿಯಾಕ ಹೋದಾಗ ಕಂಡೆನ್ರಿ" ಎಂದಳು ಅಕ್ಕವ್ವ. "ಇದ್ದದ್ದ ತಿಪ್ಪಿಗಿ ಚೆಲ್ಲಿ ಬಾಟ್ಲಿ ಬೂದಿ ಹಚ್ಚಿ ತೊಳದೆ. ಚಹಾ ಹಾಕಿ ನೋಡಿದೆ, ತೀರಾ ತಿಳಿ ಆತು. ಕಾಫಿ ಹಾಕಿದೆ, ಅದ ಬಣ್ಣಾ ಬಂತು. ವಾರಕ್ಕೊಮ್ಮೆ ಹಳೇದ ಚೆಲ್ಲಿ ಹೊಸಾದ ತುಂಬತಿದ್ದೆ."

"ಅಲ್ಲ ತಂಗೆವ್ವಾ, ಒಡದ ಒಗದಿದ್ರ ಮುಗೀತಿತ್ತಲ್ಲ?" ಎಂದ ಕಾಮಣ್ಣ.

"ಒಗದಿದ್ರ ಇನ್ನೊಂದ ತರ್ತಿದ್ರು, ಅಣ್ಣಾರ. ಇತ್ತಂದ್ರ, ಐತಲ್ಲ ಅಂತ ನೋಡಿ ಸುಮ್ಮ ಬರ್ತಿದ್ರು. ಬಾಟ್ಲಿಗಿ ಇದ್ದಲಿಲೆ ಗೆರಿ ಎಳದ ಇಟ್ಟಿದ್ದೆ. ಆರ ತಿಂಗಳ ದಿನಾ ನೋಡೇನಿ, ಒಂದ ಎಳಿ ಇಳದಿಲ್ಲ." ಅವಳು ಸೆರಗಿನಿಂದ ಬಾಟಲಿ ಒರೆಸಿದಳು. "ಭಾಳ ತಡಕೊಂಡಾರ ಪಾಪ. ಇವತ್ತ ನಿಮ್ಮ ಅಂಜಿಕಿಗೆ ಕುಡದಾರ."

ಕಾಮಣ್ಣ ಹಳದಿಯಾದ ಧೋತರ ನೋಡಿಕೊಂಡ. ಬಾಳಾಸಾಬನ ಮುಖ ನೋಡಿದ. ತನ್ನ ಹೊಟ್ಟೆಯಲ್ಲಿ ಎಲ್ಲಿಂದಲೋ ನಗು ಎದ್ದು, ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ಒರಗಿ ನಕ್ಕ. ನಕ್ಕು ನಕ್ಕು ಕಂಬಳಿಯ ಮೇಲೆ ಕುಸಿದು ಕೂತ.

"ಕಾಫಿ ಕುಡದು ತೂರಾಡಿದಾಂವನ್ನ ಇವತ್ತ ಮೊದ್ಲ ನೋಡಿದೆ! ಇರ್ಲಿ ಬಿಡ್ರಿ. ಭಂಡಾರ ಕೈಯಾಗ ಇದ್ದಾಗ ಸುಳ್ಳ ಬರ್ಲಿಲ್ಲ ನಿಮಗ, ಬುಚ್ಚದ ಲೆಕ್ಕದಾಗ ಸುದ್ಧಾ ಬರ್ಲಿಲ್ಲ. ನನಗ ಅಷ್ಟ ಸಾಕು. ಬೀಗಾ ಹೆಂಗರೆ ಇರ್ಲಿ, ಈ ಬೀಗತಿ ಕೈಯಾಗ ಬೆಳದ ಹುಡುಗಿ ನಮ್ಮ ಮನಿಗಿ ಬೇಕ ಬೇಕು. ತರ್ರಿ ಸಕ್ಕರಿ! ಹಂಗ ಆ ಕಾಫಿ ವಾಸನಿ ಚಲೋ ಬಂತು. ಒಂದೀಟ ಮಾಡ್ರೆಲ್ಲ?"

ಸಕ್ಕರೆ ಹಂಚಿದರು. ಬಾಳಾಸಾಬನ ಕೈಗೆ ಯಾರೂ ಹಾಕಲಿಲ್ಲ. ಅವನಿಗೆ ಅದರ ಚಿಂತೆಯೂ ಇರಲಿಲ್ಲ. ಬೆವರು ಆರಿತ್ತು, ಡೊಳ್ಳು ನಿಂತಿತ್ತು, ಮಗಳ ಲಗ್ನ ಗಟ್ಟಿಯಾಗಿತ್ತು. ಮೇಲಿನ ಹಲಗೆಯಿಂದ ಡಬ್ಬಿ ಇಳಿದದ್ದನ್ನು ಅವನು ಕಣ್ಣು ತುಂಬ ನೋಡಿದ. ಆರು ತಿಂಗಳು ಇವತ್ತಿಗೆ ತುಂಬಿತ್ತು, ತಪಸ್ಸು ಫಲಿಸುವ ಹೊತ್ತು! ಒಳಗೆ ಚಮಚೆ ಡಬ್ಬಿಯ ತಳ ಕೆರೆಯುವ ಸದ್ದು ಕೇಳಿಸಿತು. ಬಾಳಾಸಾಬ ಕುತ್ತಿಗೆ ಚಾಚಿ ಒಳಗೆ ನೋಡಿದ.

ಹಾಲು ಹಾಕಿದ ಬಿಸಿ ಬಿಸಿ ಕಾಫಿ ಬಂತು. ಕಾಮಣ್ಣನಿಗೊಂದು ಕಪ್ಪು, ಭೀಮಸಿಗೊಂದು ಕಪ್ಪು. ಬಾಳಾಸಾಬನ ಮುಂದೆ ಒಂದು ಬಟ್ಟಲು ಜೀರಿಗೆ ನೀರು.

"ಏ ಮಾಯವ್ವನ ಅವ್ವಾ," ಎಂದ ಅವನು, ಮಾಘ ಮಾಸದ ಬೆಕ್ಕಿನ ಮರಿಯಷ್ಟು ಸಣ್ಣ ದನಿಯಲ್ಲಿ, "ಡಾಕ್ಟರ ಹೇಳಿದ್ದ ಅರ್ಧಾ ಕಪ್ಪ ಕಾಫಿ... ನಂದು?"

"ದಿನಕ್ಕ ಅರ್ಧಾ ಕಪ್ಪ ಹೇಳ್ಯಾರ, ಖರೆ. ಗೆರಿ ನೋಡೇನಿ ನಾ. ನಿಮ್ಮ ಇವತ್ತಿನ ಅರ್ಧಾ ಕಪ್ಪ ಮುಂಜಾನೆನ ಆಗೇತಿ, ಎಮ್ಮಿ ಮುಂದ."

"ಮತ್ತ ನಾಳಿಗೆ? ಡಬ್ಬಿ ಖಾಲಿ ಆತಲ್ಲ?"

ಅಕ್ಕವ್ವ ಬಾಟಲಿಯ ಬುಚ್ಚ ಬಿಗಿಯಾಗಿ ತಿರುವಿ ಅವನ ಮಡಿಲಲ್ಲಿಟ್ಟಳು.

"ನಾಳಿಗೆ ಇದರಾಗ ಐತಲ್ಲ! ಹೋಗ್ರಿ, ತೊಲಿ ಮ್ಯಾಲ ಇಟ್ಟ ಬರ್ರಿ."